ಹೊಸ್ತಿಲವರೆಗೆ ಬಂದ ಮಾರಬಂಟ

ಮಾರಬಂಟ ಸಿನಿಮಾ ಬಿಡುಗಡೆಯಾದ ಶುಕ್ರವಾರವೇ ಪಿಳ್ಳಮ್ಮನ ಮಗಳು ರತ್ನಿಗೆ ಹೆರಿಗೆ ನೋವು ಬಂತು. ಚಾಮರಾಜಪೇಟೆಯ ವಠಾರದಲ್ಲಿ ಅವರದು ನಮ್ಮ ಪಕ್ಕದ ಮನೆ. ಎಪ್ಪತ್ತೊಂಬತ್ತನೆಯ ಇಸವಿ. ಆ ವಾರವೆಲ್ಲ ಬೀದಿ ತುಂಬ ಅದೇ ಹೆಸರು. ಗೋಡೆಯ ಮೇಲೆ ಮಾರಬಂಟ, ಆಟೋಗಳ ಬೆನ್ನ ಮೇಲೆ ಮಾರಬಂಟ. ಮೂಲೆಯ ಸೋಡಾದವನು ಗಾಡಿಗೂ ಅದನ್ನೇ ಬರೆಸಿ, ಬಾಟಲಿ ಒಡೆದಾಗಲೆಲ್ಲ ಹೆಸರು ಕೂಗುತ್ತಿದ್ದ.

ಪಿಳ್ಳಮ್ಮನಿಗೆ ಇದೇ ಸಂಕಟ. ಅವಳ ತವರಿನವರು ತಮ್ಮ ಹಳೆಯ ಕಥೆಯ ವೀರ ಮಾರಬಂಟನ ಹೆಸರನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಮಗಳ ಚೊಚ್ಚಲ ಹೆರಿಗೆಯ ಹೊತ್ತಿಗೆ ತಾಯಿ ಕೂತು ಅವನ ಕಥೆ ಹೇಳಬೇಕು. ಕಥೆಯಲ್ಲಿ ಅವನ ಹೆಂಡತಿಯೂ ನೋವು ತಿನ್ನುತ್ತಿರುತ್ತಾಳೆ. ಅವನು ಬೇರು ತರಲು ಬೆಟ್ಟಕ್ಕೆ ಹೋಗಿರುತ್ತಾನೆ. ಹುಲಿ, ಹೊಳೆ, ಕಳ್ಳರನ್ನೆಲ್ಲ ದಾಟಿ ಅವನು ಮನೆ ಸೇರಿದರೆ ಅಲ್ಲಿ ಹೆಂಡತಿಗೂ ಇಲ್ಲಿ ಮಗಳಿಗೂ ಹಗುರ. ಆದರೆ ಯಾರು ಕರೆದರೂ ಓಗೊಟ್ಟು ಹೋಗಿಬಿಡುವುದು ಅವನ ಗುಣ. ಹೇಳುವವಳೂ ಮೊದಲಲ್ಲಿ ಒಮ್ಮೆ ಹೆಸರು ಹೇಳಿ ಆಮೇಲೆ ‘ನಮ್ಮಪ್ಪ’ ಅನ್ನಬೇಕು. ನಡುವೆ ಬೇರೆ ಯಾರಾದರೂ ಹೆಸರೆತ್ತಿದರೆ ಅವನು ದಾರಿ ಬಿಟ್ಟು ಅತ್ತ ತಿರುಗುತ್ತಾನೆ. ಆಗ ಮತ್ತೆ ಬೆಟ್ಟದಿಂದಲೇ ಕರೆತರಬೇಕು.

“ಗುರುಬಸಕ್ಕ, ಊರಿಗೂರೇ ಅವನ್ನ ಕರೀತೈತೆ,” ಎಂದಳು ಪಿಳ್ಳಮ್ಮ ನನಗೆ, ಮಗಳ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತ. “ನನ್ನ ಮಗಳ ತಾವ ಹೆಂಗೆ ಬರ್ತಾನೆ?”

ನಾನು ಕಾಲೇಜು ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಆದರೂ ಬಾಗಿಲಾಚೆ ಯಾರೋ ಆ ಹೆಸರು ಕೂಗಿದಾಗ ಎದ್ದುಹೋಗಿ ಬಾಗಿಲು ಮುಚ್ಚಿದೆ.

ಅಳಿಯ ವೆಂಕಟಾಚಲ ಬಸ್ ಡ್ರೈವರು. ಬೆಳಿಗ್ಗೆ ಡ್ಯೂಟಿಗೆಂದು ಹೋಗಿದ್ದ. ಡಿಪೋಗೆ ಹೇಳಿಕಳಿಸಿದರೆ ಅವನು ರಜೆ ಹಾಕಿದ್ದಾನೆಂದು ಉತ್ತರ ಬಂತು. ಎಲ್ಲಿಗೆ ಹೋಗಿರಬಹುದೆಂದು ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳಹೋದರೆ ಆ ಹೆಸರನ್ನೇ ಎತ್ತಬೇಕಾಗುತ್ತಿತ್ತು.

ನಮ್ಮ ಬೀದಿಯ ಮಾಯಣ್ಣ ಆಟೋ ತಂದ. ಅದರ ಬೆನ್ನ ಮೇಲೂ ಕೆಂಪಕ್ಷರದಲ್ಲಿ ಅದೇ ಹೆಸರು. ಪಿಳ್ಳಮ್ಮ ಒಂದು ಕಾಲು ಒಳಗಿಟ್ಟು ನಿಂತುಬಿಟ್ಟಳು.

“ಹತ್ತಮ್ಮಾ, ಅದು ಬರೀ ಪೇಂಟು. ಅದಕ್ಕೇನು ಬಾಯೈತಾ?” ಎಂದ ಮಾಯಣ್ಣ. ದಾರಿಯಲ್ಲಿ ಆ ಸಿನಿಮಾ ನಡೆಯುತ್ತಿದ್ದ ಥಿಯೇಟರಿನ ಮುಂದೆ ಬ್ಯಾಂಡು, ಪಟಾಕಿ, ಜೈಕಾರ. ಯಾರೂ ಹೇಳದೆಯೇ ಅವನು ಆಟೋವನ್ನು ಮಾಮೂಲ್‌ಪೇಟೆಯ ಸಂದಿಗಳಿಗೆ ತಿರುಗಿಸಿದ. ಕೈಗಾಡಿಗಳ ನಡುವೆ ರತ್ನಿಗೆ ಅಲುಗಾಟ ತಟ್ಟದ ಹಾಗೆ ನಿಧಾನವಾಗಿ ನಡೆಸಿದ. ಹಾರ್ನ್ ಕೂಡ ಒತ್ತಲಿಲ್ಲ.

ಆಸ್ಪತ್ರೆಯಲ್ಲಿ ರತ್ನಿಯನ್ನು ಒಳಗೆ ಕರೆದುಕೊಂಡರು. ನಾವು ವರಾಂಡದ ಬೆಂಚಿನಲ್ಲಿ ಕೂತೆವು. ಪಿಳ್ಳಮ್ಮ ಕಣ್ಣು ಮುಚ್ಚಿ ಕಥೆ ಶುರು ಮಾಡಿದಳು. ಹುಲಿಯವರೆಗೆ ಬಂದಿದ್ದಳು, ಆಗ ಯಾರದೋ ಟ್ರಾನ್ಸಿಸ್ಟರ್ ಸಿನಿಮಾದ ಜಾಹೀರಾತು ಹೇಳಿತು. ಮತ್ತೆ ಬೆಟ್ಟ. ಹೊಳೆ ದಾಟುವಾಗ ರಸ್ತೆಯಲ್ಲಿ ಲಾರಿ ತುಂಬ ಹುಡುಗರು ಜೈಕಾರ ಹಾಕುತ್ತ ಹೋದರು. ಮತ್ತೆ ಬೆಟ್ಟ. ನಾನು ಎದ್ದು ಕಿಟಕಿಗಳನ್ನು ಮುಚ್ಚುತ್ತಾ ಬಂದೆ. ಒಂದರ ಚಿಲಕ ನಿಲ್ಲುತ್ತಿರಲಿಲ್ಲ, ಅದನ್ನು ಹಿಡಿದುಕೊಂಡೇ ನಿಂತೆ.

ಎದುರು ಬೆಂಚಿನಲ್ಲಿ ಸೊಸೆಯ ಹೆರಿಗೆಗೆ ಬಂದಿದ್ದ ಬೈರಮ್ಮ ಎಂಬಾಕೆ ಇದನ್ನೆಲ್ಲ ನೋಡುತ್ತಿದ್ದಳು. ವಿಷಯ ಕೇಳಿ ತಿಳಿದುಕೊಂಡು ಎದ್ದುಹೋಗಿ ಟ್ರಾನ್ಸಿಸ್ಟರಿನವನನ್ನು ಗದರಿದಳು. “ಅದನ್ನ ಆರಿಸಪ್ಪ. ಇಲ್ಲೊಬ್ರು ಪ್ರಾಣ ಕೈಲಿ ಹಿಡ್ಕೊಂಡು ಕೂತವ್ರೆ.” ಅವನು ಆರಿಸಿದ.

ನರ್ಸ್ ಹೊರಗೆ ಬಂದಳು. ಮಗು ಅಡ್ಡ ತಿರುಗಿದೆ, ಡಾಕ್ಟರು ನೋಡುತ್ತಿದ್ದಾರೆ, ಆಪರೇಷನ್ ಬೇಕಾಗಬಹುದು ಎಂದು ಹೇಳಿ ಒಳಗೆ ಹೋದಳು. ಪಿಳ್ಳಮ್ಮ ಕಣ್ಣು ಮುಚ್ಚಿಕೊಂಡಳು. ಮತ್ತೆ ಬೆಟ್ಟದಿಂದ ಹೊರಟಳು. ಈ ಸಲ ಹುಲಿ ಸರಿಯಿತು, ಹೊಳೆ ಇಳಿಯಿತು, ಕಳ್ಳರು ಓಡಿದರು. ನಮ್ಮಪ್ಪ ಊರ ಬಾಗಿಲು ಹೊಕ್ಕ, ಕೇರಿ ಹೊಕ್ಕ, ಹೊಸ್ತಿಲ ಮೇಲೆ ಕಾಲಿಟ್ಟ.

“ಅತ್ತೆ! ರತ್ನಿ ಹೆಂಗವ್ಳೆ? ಮಾರಬಂಟ ಮೊದಲನೇ ಆಟಕ್ಕೆ ಹೋಗ್ಬಿಟ್ಟಿದ್ದೆ!”

ವೆಂಕಟಾಚಲ ಏದುಸಿರು ಬಿಡುತ್ತ ನಿಂತಿದ್ದ. ತಲೆಗೂದಲ ತುಂಬ ಬಣ್ಣದ ಕಾಗದದ ಚೂರುಗಳು.

“ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!” ಎಂದಳು ಬೈರಮ್ಮ. “ಹೊಸ್ತಿಲ ಮೇಲೆ ಕಾಲಿಟ್ಟಿದ್ನಲ್ಲೋ!”

“ಯಾರು?” ಎಂದ ಅವನು, ಕಾಣದ ಆ ಮನುಷ್ಯನಿಗಾಗಿ ಸುತ್ತ ನೋಡುತ್ತ.

ಒಳಗಿಂದ ರತ್ನಿ ಕೂಗಿದ್ದು ಕೇಳಿಸಿತು. ಮತ್ತೆ ಬೆಟ್ಟ ಹತ್ತುವ ಶಕ್ತಿ ಪಿಳ್ಳಮ್ಮನಲ್ಲಿರಲಿಲ್ಲ. ನಾನು ನೀರು ಕುಡಿಸಿದೆ. ಅವಳು ಅಳಿಯನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

“ಆ ಸಿನಿಮಾದಲ್ಲಿ ಅವನ ಹೆಂಡ್ತಿ ಹೆರ್ತಾಳೇನಪ್ಪಾ?”

“ಹೆಂಡ್ತಿನಾ? ಅವನಿಗೆ ಮದುವೇನೇ ಇಲ್ಲ ಅತ್ತೆ. ಕೊನೇಲಿ ಒಬ್ಬನೇ ಕುದುರೆ ಹತ್ತಿ ಹೊರಟೋಯ್ತಾನೆ.”

“ಮನೆ?”

“ಮನೆ ತೋರಿಸ್ಲೇ ಇಲ್ಲ.”

“ಕೈಲಿ ಬೇರು?”

“ಯಾವ ಬೇರು? ಬಂದೂಕ ಹಿಡ್ಕೊಂಡವ್ನೆ!”

ಪಿಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರೆ ಅವನು ಬೇರೆ ಯಾವನೋ. ಬೆಳಗಿಂದ ಇವರೆಲ್ಲಾ ಕರೀತಿರೋದು ಅವನ್ನ. ಅದಕ್ಕೆ ನಮ್ಮಪ್ಪ ಯಾಕೆ ತಿರುಗ್ತಾನೆ?”

ಅವಳು ನನ್ನನ್ನು ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ ತಿಳಿಯಲಿಲ್ಲ. ಉತ್ತರ ಕೊಟ್ಟವಳು ಬೈರಮ್ಮ.

“ತಿರುಗಲ್ಲ ಬಿಡಕ್ಕ. ಅಲ್ಲೇ ಹೊಸ್ತಿಲ ಮೇಲವ್ನೆ. ಒಳಕ್ಕೆ ಕರಿ.”

ಪಿಳ್ಳಮ್ಮ ಕರೆದಳು. ನಮ್ಮಪ್ಪ ಒಳಗೆ ಬಂದ, ಬೇರು ತೇದ, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದ. ವೆಂಕಟಾಚಲ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದ. ಆರು ವರ್ಷ ಆ ಮನೆಯ ಅಳಿಯನಾಗಿದ್ದರೂ ಈ ಕಥೆ ಅವನಿಗೆ ಹೊಸದು.

ಬಾಗಿಲು ತೆರೆದು ನರ್ಸ್ ಮಗುವನ್ನು ಎತ್ತಿಕೊಂಡು ಬಂದಳು. “ರತ್ನಮ್ಮನ ಕಡೆಯೋರು ಯಾರು? ಆಪರೇಷನ್ ಬೇಕಾಗ್ಲಿಲ್ಲ. ಹೆಣ್ಣು ಮಗು, ಇಬ್ರೂ ಚೆನ್ನಾಗಿ...”

ಪಿಳ್ಳಮ್ಮ ತಿರುಗಿ ನೋಡದೆ ಅಂಗೈ ಎತ್ತಿ ತಡೆದಳು. ಕಥೆ ಇನ್ನೂ ಮುಗಿದಿರಲಿಲ್ಲ. ಕೈಕಾಲು ತೊಳೆದು ಅವನು ಊಟಕ್ಕೆ ಕೂರಬೇಕು. ನರ್ಸ್ ಗದರಬಹುದಿತ್ತು, ಒಳಗೆ ಅವಳಿಗೆ ನೂರು ಕೆಲಸ. ಗದರಲಿಲ್ಲ. ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ಬಾಗಿಲಿಗೆ ಒರಗಿ ನಿಂತಳು.

“ಅತ್ತೆ, ಬೇಗ ಉಣ್ಣಿಸಿ ಅವನಿಗೆ!” ಎಂದು ವೆಂಕಟಾಚಲ ಅಂಗಲಾಚಿದ.

ಪಿಳ್ಳಮ್ಮ ಅವಸರ ಮಾಡಲಿಲ್ಲ. ಮಣೆ ಹಾಕಿದಳು, ಮುದ್ದೆ ಬಡಿಸಿದಳು, ಸಾರು ಬಿಟ್ಟಳು, ಅವನು ಮೊದಲ ತುತ್ತು ನುಂಗುವವರೆಗೂ ಕಾದಳು. ಆಮೇಲೆ ಎದ್ದು ಎರಡೂ ಕೈ ಚಾಚಿದಳು.