ರಾಮಲಿಂಗಯ್ಯನವರ ಹಾವುಮೀನು

ಗಂಟೆ ಹೊಡೆದರೂ ಮಾತು ಮುಗಿಯದ ಕಾರಣ ರಾಮಲಿಂಗಯ್ಯನವರು ಯಾವಾಗಲೂ ತರಗತಿಯಿಂದ ಹಿಮ್ಮುಖವಾಗಿಯೇ ಹೊರಬೀಳುತ್ತಿದ್ದರು. ಹಾಗೆ ಬರುತ್ತ ಎಷ್ಟೋ ಸಲ ಬಾಗಿಲಲ್ಲಿ ಕಾಯುತ್ತಿದ್ದ ನನ್ನ ಕಾಲು ತುಳಿದು, ಅದರ ಪರಿವೆಯೇ ಇಲ್ಲದೆ ಮೀನಿನ ವಿಚಾರ ಮುಂದುವರಿಸುತ್ತಿದ್ದರು. ರಾಮನಗರದ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರದ ಅಧ್ಯಾಪಕರು, ನಾನು ಕನ್ನಡ ಪಾಠ ಮಾಡುವವನು. ಬಿಡದಿಯ ಕಾರ್ಖಾನೆಗಳು ಬೆಳೆದಂತೆಲ್ಲ ಹುಡುಗರು ಅಲ್ಲಿ ಕೆಲಸಕ್ಕೆ ಸೇರಿ ಅವರ ತರಗತಿ ಕರಗುತ್ತಿದ್ದ ಕಾಲ ಅದು. ಸತ್ತ ಜೀವಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ಹೀರಿಕೊಂಡ ಅವರ ಕಂದು ಕೋಟಿನ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ಇವರು 'ಪಾಪ, ಜಾಗ ಬಿಟ್ಟುಕೊಟ್ಟರು' ಎಂದು ಸಂತೋಷಪಡುತ್ತಿದ್ದರು.

ಒಂದು ಬೇಸಿಗೆ ಮಲ್ಪೆ ಬಂದರಿನಲ್ಲಿ, ಆಳಸಮುದ್ರದ ಬಲೆಗೆ ಸಿಕ್ಕಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಾವುಮೀನೊಂದನ್ನು ಅವರು ಗಾಜಿನ ಜಾಡಿಯಲ್ಲಿ ಹೊತ್ತು ತಂದರು. ಈಜುರೆಕ್ಕೆಯಿಲ್ಲದ, ಮೊಳೆಯಂತೆ ಗಟ್ಟಿಯಾದ ಬಾಲ. ಅದನ್ನೇ ಊರಿ ಕಡಲ ತಳದ ಕೆಸರಿನೊಳಗೆ ಇಳಿದು ಬಾಳುವ ಜೀವ. ತಮಗೆ ದೊರೆತ ಯಾವ ಗ್ರಂಥದಲ್ಲೂ ಅದರ ವರ್ಣನೆ ಕಾಣದಿದ್ದಾಗ, ಇದು ಹೊಸ ಪ್ರಭೇದವೇ ಸರಿ, ಹೆಸರಿಡುವ ಭಾಗ್ಯ ತಮ್ಮದೇ ಎಂದು ಹಿಗ್ಗಿದರು. ಸಮುದ್ರವನ್ನೇ ಕಾಣದ ತಾಯಿ ಸಿದ್ದಮ್ಮನ ಹೆಸರನ್ನು ಅದಕ್ಕಿಡುವುದೆಂದು ನಿಶ್ಚಯಿಸಿ, ತಮ್ಮೂರು ಕುದೂರಿಗೆ ಹೋಗಿ ಆಕೆಗೆ ಹೇಳಿಯೂ ಬಂದರು. ಆಕೆ ಬೀದಿಗೆಲ್ಲ ಹೇಳಿದರು.

ವರ್ಷಗಟ್ಟಲೆ ಅಳೆದರು, ಹಲ್ಲು ನೋಡಿದರು, ಬೆನ್ನೆಲುಬಿನ ಮಣಿ ಎಣಿಸಿದರು. ಕೊನೆಗೊಂದು ದಿನ ಅವರು ಕಳಿಸಿದ ವಿವರ ನೋಡಿದ ಕೊಚ್ಚಿಯ ಮೀನುತಜ್ಞರೊಬ್ಬರು ಫೋನಿನಲ್ಲಿ ತಿಳಿಸಿದರು: ಬೇರೊಂದು ಸಾಗರದಲ್ಲಿ ಸಿಕ್ಕ ಇದೇ ಮೀನಿಗೆ ಹಿಂದೆಯೇ ಹೆಸರಿಟ್ಟಾಗಿದೆ.

ರಾಮಲಿಂಗಯ್ಯನವರು ಬಹಳ ಹೊತ್ತು ಜಾಡಿಯ ಧೂಳು ಒರೆಸುತ್ತ ನಿಂತರು. "ಅವ್ವಂಗೆ ಏನಂತ ಹೇಳ್ಲಿ ಸಾರ್?" ಎಂದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಕುದೂರಿನ ಬಸ್ಸು ಹತ್ತಿದೆ.

ಸಿದ್ದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಅವ್ವಾ, ಆ ಮೀನಿಗೆ ಆಗ್ಲೇ ಯಾರೋ ಹೆಸ್ರಿಟ್ಬುಟ್ಟವ್ರೆ ಕಣವ್ವಾ."

ಆಕೆ ಮಗನ ಮುಖವನ್ನು ಒಂದು ಗಳಿಗೆ ನೋಡಿದರು. "ಹಂಗಾರೆ ಅದು ದಿಕ್ಕಿಲ್ದಿರೋದಲ್ಲ ಬುಡು. ನನ್ನೆಸ್ರು ನಂಗೇ ಇರ್ಲಿ. ಮೊದ್ಲು ಆ ಕೋಟು ಬಿಚ್ಚಾಕು, ಒಸಿ ಉಣ್ಣೇಳು."

ರಾಮಲಿಂಗಯ್ಯನವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮರುದಿನ ಜಾಡಿಯ ಮೇಲೆ ಆ ಅಪರಿಚಿತ ಇಟ್ಟ ಹೆಸರನ್ನು ದುಂಡಾಗಿ ಬರೆದು, ಉಳಿದಿದ್ದ ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಹಬ್ಬದ ಮುಖದಲ್ಲಿ ತೋರಿಸಿದರು.

ತಾನು ಕಂಡದ್ದು ತನ್ನದೇ ಆಗಲೆಂದು ಬಯಸದ ವಿದ್ವಾಂಸನಿಲ್ಲ. ಇಂಥವರೂ ಬಯಸುತ್ತಾರೆ, ಕೈತಪ್ಪಿದಾಗ ನೋಯುತ್ತಾರೆ. ಆದರೆ ತಿಳಿದ ಸಂತೋಷವನ್ನು ಆ ನೋವು ಕೆಡಿಸಲು ಬಿಡುವುದಿಲ್ಲ. ವಿದ್ಯೆ ಬದುಕಿರುವುದು ಅವರಿಂದಲೇ ಇರಬೇಕು.