ಅಂಕಿತ ಬೀಳೋ ಗಂಟ

ಬೆಂಕಿ ಮಡಕೆಗೆ ಹುರಿ ಕಟ್ಟುತ್ತಿದ್ದ ರಘುನಾಥ, ಆಟೋ ನಿಂತ ಸದ್ದಿಗೆ ತಲೆಯೆತ್ತಿದವನು ಗಂಟನ್ನು ಅರ್ಧಕ್ಕೇ ಬಿಟ್ಟ. ಆಶಾರಾಣಿ ಇಳಿದಳು. ಅಂಗಳದಲ್ಲಿ ಮಲಗಿಸಿದ್ದ ಅಪ್ಪನನ್ನು ನೋಡುವ ಮೊದಲು ಬೀದಿಯ ಎರಡೂ ತುದಿ ನೋಡಿ, ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

ತೀರಿಕೊಂಡ ಸೊಣ್ಣಪ್ಪನಿಗೆ ಇದ್ದದ್ದು ಇವಳೊಂದೇ ಸಂತಾನ. ಊರಂಚಿನ ಸಿಂಗಾಪುರ ಬಡಾವಣೆಯ ಈ ಮನೆಯಲ್ಲಿ ಅವಳು ಬಾಲರಾಜ ಎಂಬ ಹೆಸರಿನಲ್ಲಿ ಬೆಳೆದವಳು. ಈಗ ಬಾಗಲಗುಂಟೆಯಲ್ಲಿ ತನ್ನಂಥವರ ಜೊತೆ ಇದ್ದಾಳೆ.

"ಇವಳು ಬಂದವ್ಳೆ ಅಂತ ಯಾರಾನಾ ಪೊಲೀಸ್ನೋರಿಗೆ ಫೋನ್ ಮಾಡಿದ್ರೆ ಎಣ ಇಲ್ಲೇ ಉಳೀತದೆ," ಎಂದ ರಘುನಾಥ. ಅವನು ಸೊಣ್ಣಪ್ಪನ ತಮ್ಮನ ಮಗ.

"ಅದಿರ್ಲಿ, ಮಡಕೆ ಯಾರು ಇಡಿಯೋದು?" ಎಂದರು ಕುಲದ ಹಿರಿಯ ಚಿಕ್ಕಬೈರಪ್ಪ. "ಮಗ ಅಂದ್ರೆ ಪಂಚೆ ಉಟ್ಕೊಂಡು ಬರ್ಲಿ. ಮಗಳು ಅಂದ್ರೆ, ಎಂಗಸ್ರು ಸುಡುಗಾಡಿಗೆ ಬರೋಂಗಿಲ್ಲ."

ಆಶಾರಾಣಿಗೆ ಎರಡೂ ಕೇಳಿಸಿತು.

*

ಸೊಣ್ಣಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಅನುಮಾನ ಬಂದ ಮಂಗಳಮುಖಿಯರ ಹೆಸರು, ವಿಳಾಸವನ್ನು ಪೊಲೀಸರು ಬರೆದಿಟ್ಟುಕೊಂಡು ಅವರನ್ನು ಹತೋಟಿಯಲ್ಲಿಡಬಹುದು ಎಂದು ರಾಜ್ಯದ ಕಾನೂನು ಬಂದಾಗಿನಿಂದ ಅವನಿಗೆ ನಿದ್ದೆ ಕೆಟ್ಟಿತು. ಅಧಿವೇಶನ ನಡೆಯುವಾಗಲೆಲ್ಲ ಸಹಕಾರನಗರದ ವಾಚನಾಲಯಕ್ಕೆ ಹೋಗಿ, ಪೇಪರಿನ ಒಳಪುಟಗಳಲ್ಲಿ ಆ ಕಾನೂನಿನ ಸುದ್ದಿ ಹುಡುಕುತ್ತಿದ್ದ. ಆ ಕಾನೂನಿನಲ್ಲಿ ಆಶಾರಾಣಿಯಂಥವರಿಗೆ ಇಟ್ಟಿದ್ದ ಪದವನ್ನು ಅವನು ಒಮ್ಮೆಯೂ ಬಾಯಲ್ಲಿ ಆಡಲಿಲ್ಲ.

ಆ ಪದವನ್ನು ಕಾನೂನಿನಿಂದಲೇ ತೆಗೆಯುವ ಮಸೂದೆ ಮಂಡನೆಯಾಯಿತೆಂದು ಓದಿದ ದಿನ, ಮಂಡನೆಯಾದರೆ ಮುಗಿಯಿತು ಎಂದುಕೊಂಡ.

"ಬಾ ಮಗಾ, ತೆಗೆದ್ರಂತೆ," ಎಂದು ಫೋನ್ ಮಾಡಿದ.

ಬಂದವಳನ್ನು ಪೊಲೀಸರು ಅದೇ ಕಾನೂನು ತೋರಿಸಿ ಬಸ್‌ಸ್ಟಾಪಿನಲ್ಲೇ ಹಿಡಿದು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಬಿಡಿಸಿಕೊಂಡು ಬರುವಾಗ ಸೊಣ್ಣಪ್ಪ ಅವಳ ಮುಖ ನೋಡಲಿಲ್ಲ. ಮಂಡನೆಯಾದ ಮೇಲೆ ಸದನ ಒಪ್ಪಬೇಕು, ಕೊನೆಗೆ ರಾಜ್ಯಪಾಲರ ಅಂಕಿತ ಬೀಳಬೇಕು ಎಂದು ಆಮೇಲೆ ವಕೀಲರೊಬ್ಬರು ಹೇಳಿದರು. ಅಂದಿನಿಂದ ಫೋನಿನಲ್ಲಿ ಊಟ ಆಯಿತಾ ಎಂದು ಕೇಳುವ ಮೊದಲೇ ಹೇಳುತ್ತಿದ್ದ: "ಅಂಕಿತ ಬಿದ್ದಿಲ್ಲ ಕಣಮ್ಮ. ಬೀಳೋ ಗಂಟ ಬರ್ಬ್ಯಾಡ."

ಮೊನ್ನೆಯೂ ಅಷ್ಟೇ ಹೇಳಿದ್ದ.

*

ಮುನಿನಾರಾಯಣಮ್ಮ ಗಂಡನ ತಲೆಯ ಬಳಿ ಕೂತಿದ್ದಳು. ಇದೇ ಕೊನೆಯೆಂದು ಹೆಂಗಸರು ಅವಳಿಗೆ ಹೂ ಮುಡಿಸಿ, ಹಣೆಗೆ ಅಗಲವಾಗಿ ಕುಂಕುಮ ಇಟ್ಟಿದ್ದರು.

"ಅದೇನೋ ಬೀಳ್ಬೇಕು ಅಂತಿದ್ರಲ್ಲ ನಿಮ್ಮಪ್ಪ," ಎಂದಳು. "ಬಿತ್ತಾ?"

"ಇಲ್ಲಮ್ಮ. ತಡೀಲಾರ್ದೆ ಬಂದೆ. ಹೋಗು ಅಂದ್ರೆ ಹೋಗ್ತೀನಿ."

ಮುನಿನಾರಾಯಣಮ್ಮ ಹೆಬ್ಬೆರಳನ್ನು ತನ್ನ ಹಣೆಯ ಕುಂಕುಮಕ್ಕೆ ಒತ್ತಿದಳು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ, ಅದನ್ನು ಆಶಾರಾಣಿಯ ಹಣೆಯ ಮೇಲೆ ಊರಿ ಹಿಡಿದಳು.

"ಬಿತ್ತು. ಮಡಕೆ ತಗೋ."

"ಸೀರೇಲಾ?" ಎಂದರು ಚಿಕ್ಕಬೈರಪ್ಪ.

"ಆ ಸೀರೆ ಅವರಪ್ಪ ತಂದಿದ್ದು, ಭಾವ."

ರಘುನಾಥ ಕೂತು, ಬಿಟ್ಟಿದ್ದ ಗಂಟನ್ನು ಬಿಗಿದ.

ಬೀದಿಯ ತಿರುವಿನಲ್ಲಿ ಪೊಲೀಸರ ಬೈಕು ನಿಂತಿತ್ತು. ಚಟ್ಟದ ಮುಂದೆ ನಡೆಯುತ್ತಿದ್ದ ಆಶಾರಾಣಿಯ ಸೆರಗು ತಲೆಯಿಂದ ಜಾರಿತು. ಎಳೆದುಕೊಳ್ಳಲು ಮೇಲೆದ್ದ ಎಡಗೈ ಅರ್ಧಕ್ಕೆ ನಿಂತು, ಇಳಿದು, ಹುರಿಯನ್ನು ಹಿಡಿಯಿತು. ಮಡಕೆಯ ಹೊಗೆ ಅವಳಿಗಿಂತ ಮುಂದಾಗಿ ಬೈಕಿನ ಕಡೆಗೆ ಹೋಗುತ್ತಿತ್ತು.