ತೊಂಬತ್ತೆಂಟರಿಂದ ನೂರಾ ಒಂದು

ವಿರ್ಪಿಗೆ ಧನ್ಯವಾದ ಹೇಳುವ ಚಟವಿತ್ತು. ತನ್ನೂರು ಕಯಾನಿಯಿಂದ ಹೊರಟ ರೈಲು ಲಾಹ್ತಿಯಲ್ಲಿ ಹೊತ್ತಿಗೆ ಸರಿಯಾಗಿ ನಿಂತದ್ದಕ್ಕೆ ರೈಲಿಗೆ, ಸ್ಟೇಷನ್ನಿನ ಮುಂದಿನ ಮಂಜುಗಡ್ಡೆಯ ಮೇಲೆ ಬೆಳಿಗ್ಗೆಯೇ ಜಲ್ಲಿ ಎರಚಿಟ್ಟಿದ್ದ ಯಾವುದೋ ಕಾಣದ ಕೈಗೆ, ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ, ಒಂದು ಧನ್ಯವಾದ ಸಲ್ಲಿಸದೆ ಅವಳು ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಒಳ್ಳೆಯದನ್ನು ಗಮನಿಸದೆ ಬಿಟ್ಟರೆ ಅದು ಮುನಿಸಿಕೊಂಡು ಎದ್ದು ಹೋದೀತು ಎಂಬ ಭಯ. ಇಪ್ಪತ್ತೆರಡು ವರ್ಷಗಳಿಂದ ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿಗಳನ್ನು ಎರಡೆರಡು ಸಲ ಓದಿದವಳಿಗೆ, ತಪ್ಪುವುದು ಎಷ್ಟು ಸುಲಭ ಎಂಬುದು ಗೊತ್ತಿತ್ತು.

"ಅಮ್ಮಾ, ನೀನು ಸಿಗ್ನಲ್ ದೀಪಕ್ಕೂ ಥ್ಯಾಂಕ್ಸ್ ಹೇಳೋಳು," ಎಂದು ಮಗಳು ಪಿಹ್ಲಾ ಅಣಕಿಸುವುದಿತ್ತು.

ಹದಿನೇಳರ ಪಿಹ್ಲಾ ಸ್ಕೀ ಜಿಗಿತಗಾರ್ತಿ. ಕಾಲಿಗೆ ಸ್ಕೀ ಕಟ್ಟಿ ಎತ್ತರದ ಗೋಪುರದಿಂದ ಜಾರಿ, ಗಾಳಿಯಲ್ಲಿ ಹಾರಿ, ಕೆಳಗಿನ ಹಿಮದ ಇಳಿಜಾರಿನಲ್ಲಿ ಆದಷ್ಟು ದೂರ ಹೋಗಿ ಇಳಿಯುವ ಆಟ ಅದು. ಎರಡು ಚಳಿಗಾಲದ ಹಿಂದೆ ಊರಿನ ಸಣ್ಣ ಗೋಪುರದಿಂದ ಜಿಗಿದವಳು ನೆಲಕ್ಕೆ ತಾಗುವಾಗ ಉರುಳಿ ಹೆಗಲಿನ ಮೂಳೆ ಮುರಿದುಕೊಂಡಿದ್ದಳು. ಮೂಳೆ ಒಂದೂವರೆ ತಿಂಗಳಲ್ಲಿ ಕೂಡಿತು. ಆದರೆ ಅಂದಿನಿಂದ ಮಗಳ ಸರದಿ ಬಂದಾಗಲೆಲ್ಲ ವಿರ್ಪಿ ಸಾಸೇಜ್ ಅಂಗಡಿಯ ಸಾಲಿನಲ್ಲಿ ಬೆನ್ನು ಹಾಕಿ ನಿಂತಿರುತ್ತಿದ್ದಳು. ಇವತ್ತು ಪಿಹ್ಲಾ ಮೊದಲ ಸಲ ಲಾಹ್ತಿಯ ಮೂರು ಗೋಪುರಗಳಲ್ಲಿ ಎಲ್ಲಕ್ಕಿಂತ ಎತ್ತರದ್ದರಿಂದ ಜಿಗಿಯುವವಳಿದ್ದಳು.

ತಂಡದೊಂದಿಗೆ ಗುರುವಾರವೇ ಬಂದಿದ್ದ ಮಗಳು ಬೇಲಿಯ ಹತ್ತಿರ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಕಾಯುತ್ತಿದ್ದಳು.

"ಬಂದ್ಯಾ? ರೈಲಲ್ಲಿ ಏನಾದ್ರೂ ತಿಂದ್ಯಾ?"

"ತಿಂದೆ. ನೀನು?"

"ಓಟ್ಸ್ ಗಂಜಿ ಕುಡ್ದೆ. ಅಮ್ಮಾ, ಕೇಳಿಲ್ಲಿ. ನನ್ನ ನಂಬರ್ ಹತ್ತೊಂಬತ್ತು. ಆಗ ನೀನು ಸಾಸೇಜ್ ಅಂಗಡಿ ಹತ್ರ ಇರಕೂಡದು."

"ನಂಗೆ ಹಸಿವಾಗುತ್ತಲ್ಲ ಮರೀ."

"ಸರಿಯಾಗಿ ನಾನು ಜಿಗಿಯೋ ಹೊತ್ತಿಗೇ ಹಸಿವಾಗುತ್ತೆ ನಿಂಗೆ! ಎಲ್ರ ಅಮ್ಮಂದಿರ ಕೈಯಲ್ಲೂ ಬಾವುಟ ಇರುತ್ತೆ, ನಮ್ಮಮ್ಮನ ಕೈಯಲ್ಲಿ ಸಾಸೇಜಿನ ಸಾಸಿವೆ ಗೊಜ್ಜು." ಪಿಹ್ಲಾ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಇವತ್ತು ನೋಡು. ಆಗಲ್ಲ ಅಂದ್ರೆ ಇನ್ಮೇಲೆ ಬರ್ಬೇಡ. ಕೋಪ ಏನಿಲ್ಲ. ಆದ್ರೆ ಪ್ರತಿಸಲ ಕೆಳಗೆ ಬಂದು ನಿನ್ನ ಮುಖ ಹುಡುಕೋದು ನನ್ನ ಕೈಲಾಗಲ್ಲ."

"ನೋಡ್ತೀನಿ," ಎಂದಳು ವಿರ್ಪಿ. ಮಾತು ಕೊಡುವಾಗ ಅಳೆದು ತೂಗಿ ಕೊಡುವವಳು ಈ ಸಲ ಅಳೆಯದೆ ಕೊಟ್ಟುಬಿಟ್ಟಿದ್ದಳು.

ಅಂಗಡಿಯಿಂದ ದೂರವಿರಲೆಂದು ಇಳಿಜಾರಿನ ಪಕ್ಕದ ಮೆಟ್ಟಿಲು ಹತ್ತಿ ನಡುವಿನಲ್ಲಿ ನಿಂತಳು. ಮೊದಲನೆಯ ಹುಡುಗಿ ಬಂದಳು. ಗೋಪುರದ ಮೇಲಿನಿಂದ ಜಾರುವ ಗುಡುಗುಡು, ಆಮೇಲೆ ಮೌನ, ಆಮೇಲೆ ಹಿಮಕ್ಕೆ ಬಡಿದ ಸದ್ದು. ನಡುವಿನ ಆ ಮೌನವನ್ನು ವಿರ್ಪಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ನಾಲ್ಕನೆಯವಳ ಹೊತ್ತಿಗೆ ಅವಳು ಗೋಪುರಕ್ಕೆ ಬೆನ್ನು ತಿರುಗಿಸಿ, ಊರಿನ ಛಾವಣಿಗಳಾಚೆ ಬೆಳ್ಳಗೆ ಹೆಪ್ಪುಗಟ್ಟಿದ್ದ ವೆಸಿಯಾರ್ವಿ ಸರೋವರವನ್ನು ನೋಡುತ್ತಿದ್ದಳು. ಅದರ ಮೇಲೆ ಜನ ಇರುವೆಗಳ ಹಾಗೆ ಸ್ಕೀ ಮಾಡುತ್ತಿದ್ದರು. ಅಲ್ಲಿ ಯಾರೂ ಆಕಾಶದಿಂದ ಬೀಳುತ್ತಿರಲಿಲ್ಲ. ಅದಕ್ಕೂ ಒಂದು ಧನ್ಯವಾದ ಸಂದಿತು.

"ಅಮ್ಮಾವ್ರೇ, ಗೋಪುರ ಆ ಕಡೆ ಇದೆ."

ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮುದುಕನೊಬ್ಬ ಇಳಿಜಾರಿನ ಅಂಚಿನಲ್ಲಿ ಅಡ್ಡಡ್ಡ ಹೆಜ್ಜೆಯಿಟ್ಟು, ಕಾಲಿನ ಸ್ಕೀಯಿಂದ ಹಿಮ ತುಳಿದು ಗಟ್ಟಿ ಮಾಡುತ್ತಿದ್ದ. ಅಂಗಿಯ ಮೇಲೆ ಟೈಸ್ಟೊ ಎಂಬ ಹೆಸರಿತ್ತು.

"ಗೊತ್ತು," ಎಂದಳು ವಿರ್ಪಿ.

"ಸರೋವರ ಎಲ್ಲಿಗೂ ಹೋಗಲ್ಲ. ಸಂಜೆನೂ ನೋಡ್ಬಹುದು."

"ಹತ್ತೊಂಬತ್ತನೇ ನಂಬರು ನನ್ನ ಮಗಳು. ನೋಡ್ತೀನಿ ಅಂತ ಮಾತು ಕೊಟ್ಟಿದೀನಿ." ಗುರುತಿಲ್ಲದವನೆದುರು ಇಷ್ಟು ಹೇಳಿದ್ದಕ್ಕೆ ಅವಳಿಗೇ ಅಚ್ಚರಿಯಾಯಿತು.

"ಓಹೋ," ಎಂದ ಟೈಸ್ಟೊ. ಇನ್ನೊಂದು ಗಜ ಹಿಮ ತುಳಿದ.

"ನಾನಿಲ್ಲಿ ಮೂವತ್ತೊಂದು ವರ್ಷ ಅಳತೆಯವನಾಗಿದ್ದೆ, ಯಾರು ಎಷ್ಟು ದೂರಕ್ಕೆ ಇಳಿದ್ರು ಅಂತ ನೋಡಿ ಹೇಳೋನು," ಎಂದ ಆಮೇಲೆ. "ಈ ಕ್ಯಾಮೆರಾ ಗೀಮೆರಾ ಬರೋಕ್ ಮುಂಚೆ. ಇಳಿಜಾರಿನುದ್ದಕ್ಕೂ ಸಾಲಾಗಿ ನಿಲ್ತಿದ್ವಿ. ಒಬ್ಬೊಬ್ಬರಿಗೆ ಮೂರು ಮೀಟರ್ ಪಾಲು. ನಂದು ಇಗೋ, ಇದು. ತೊಂಬತ್ತೆಂಟನೇ ಮೀಟರಿಂದ ನೂರಾ ಒಂದು. ಮೂವತ್ತೊಂದು ವರ್ಷದಲ್ಲಿ ಒಬ್ಬನಾದ್ರೂ ಆ ಗೋಪುರ ಬಿಡೋದನ್ನ ನಾನು ನೋಡಿಲ್ಲ."

"ಒಂದ್ಸಲಾನೂ?"

"ಮೇಲೆ ನೋಡಿದ್ರೆ ಕಣ್ಣು ಗಾಬರಿ ಬೀಳುತ್ತೆ, ಅಳತೆ ತಪ್ಪುತ್ತೆ. ಹಿಮಾನೇ ನೋಡ್ಬೇಕು. ನಮ್ಮ ಪಾಲಿಗೆ ಇಳಿದ್ರೆ ನಮ್ದು, ಇಲ್ದಿದ್ರೆ ಪಕ್ಕದವನ ತಲೆನೋವು. ನನ್ನ ಪಕ್ಕ ಒಬ್ಬ ಮೇಷ್ಟ್ರು ನಿಲ್ತಿದ್ದ. ಅವನ ಹೆಂಡ್ತಿ ಗೋಳಾಡ್ತಿದ್ಳು, ಇವ್ರು ಮನೇಲೂ ನನ್ನ ಕಾಲು ಮಾತ್ರ ನೋಡ್ತಾರೆ ಅಂತ."

ವಿರ್ಪಿಗೆ ನಗು ಬಂತು.

"ಇವತ್ತು ನನ್ನ ಪಾಲು ನೀವಿಟ್ಕೊಳ್ಳಿ. ಮೂರೇ ಮೀಟರ್. ಅಷ್ಟು ನೋಡೋಕೆ ಎಷ್ಟು ಧೈರ್ಯ ಬೇಕು ಹೇಳಿ?"

ವಿರ್ಪಿ ಸರೋವರಕ್ಕೆ ಬೆನ್ನು ಹಾಕಿ ತಿರುಗಿದಳು. ಹಿಮದಲ್ಲಿ ಒಂದು ನೀಲಿ ಗೆರೆ, ಗುರುತಿಗೆಂದು ಅಲ್ಲಲ್ಲಿ ಚೆಲ್ಲಿದ್ದ ಸ್ಪ್ರೂಸ್ ಮರದ ಕಡ್ಡಿಗಳು. ಅಷ್ಟೇ. ಔಷಧಿ ಚೀಟಿಯನ್ನು ಒಂದೊಂದೇ ಸಾಲಾಗಿ ಓದುವ ಹಾಗೆ. ಇದು ಅವಳಿಗೆ ಬರುವ ಕೆಲಸ.

ಮೂವರು ಹುಡುಗಿಯರು ಗೆರೆಗಿಂತ ಮೇಲೆಯೇ ಇಳಿದು, ಅವಳ ಪಾಲಿನ ಹಿಮದ ಮೇಲೆ ಸರ್ರನೆ ಜಾರಿ ಹೋದರು. ಹದಿನೆಂಟನೆಯವಳು ಗೆರೆಯ ಹತ್ತಿರವೇ ಇಳಿದಳು.

"ನೂರು!" ಎಂದು ವಿರ್ಪಿ ಕೂಗಿಯೇ ಬಿಟ್ಟಳು.

"ತೊಂಬತ್ತೊಂಬತ್ತೂವರೆ," ಎಂದ ಟೈಸ್ಟೊ.

ಧ್ವನಿವರ್ಧಕವೂ ತೊಂಬತ್ತೊಂಬತ್ತೂವರೆ ಎಂದಿತು.

"ಇರ್ಲಿ ಬಿಡಿ. ಮೊದಲ ದಿನ."

ಹತ್ತೊಂಬತ್ತನೆಯ ನಂಬರಿನ ಹೆಸರು ಕೇಳಿಸಿತು. ಪಿಹ್ಲಾ ಗೋಪುರದ ತುದಿಯಲ್ಲಿ ಹೊರಡುವ ಹಲಗೆಯ ಮೇಲೆ ಕುಳಿತಿರಬೇಕು. ಅಷ್ಟರಲ್ಲಿ ಪಕ್ಕದ ಬಾವುಟಗಳು ಪಟಪಟ ಬಡಿದುಕೊಂಡವು. ಗಾಳಿ ಜೋರು, ಸ್ಪರ್ಧಿ ಹಲಗೆ ಬಿಟ್ಟು ಹಿಂದೆ ಸರಿಯಬೇಕು ಎಂಬ ಸೂಚನೆ ಬಂತು. ವಿರ್ಪಿಯ ಕಾಲು ತಾನಾಗಿ ಸರೋವರದ ಕಡೆ ತಿರುಗಿತು.

"ಪಾಲು ಬಿಟ್ಟು ಹೋಗೋ ಹಾಗಿಲ್ಲ," ಎಂದ ಟೈಸ್ಟೊ. "ಅಲ್ಲಾ ಅಮ್ಮಾವ್ರೇ, ಗಾಳಿ ಕಾಯೋಕೆ ಅಲ್ಲೊಬ್ರು ಇದ್ದಾರೆ. ಹೊರಡು ಅಂತ ಬಾವುಟ ಬೀಸೋಕೆ ಅವಳ ಗುರು ಇದ್ದಾನೆ. ಹಿಮಕ್ಕೆ ನಾನಿದೀನಿ, ಬೆಳಿಗ್ಗೆ ಆರರಿಂದ ತುಳೀತಿದೀನಿ. ಎಲ್ಲಾನೂ ನೀವೊಬ್ರೇ ಕಾಯ್ಬೇಕಾ?"

ವಿರ್ಪಿ ಮತ್ತೆ ಗೆರೆಯ ಕಡೆ ತಿರುಗಿದಳು. ಎರಡು ವರ್ಷ ಅವಳು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಹಾಸಿಗೆಯಲ್ಲಿ ಆ ಗೋಪುರವನ್ನು ಒಂಟಿಯಾಗಿ ಹೊತ್ತಿದ್ದಳು. ಅದರ ಕೆಳಗೆ ಇಷ್ಟೊಂದು ಹೆಗಲುಗಳಿದ್ದದ್ದು ಬೆನ್ನು ತಿರುಗಿಸಿ ನಿಂತವಳಿಗೆ ಕಂಡಿರಲಿಲ್ಲ.

ಬಾವುಟಗಳು ಜೋತುಬಿದ್ದವು. ಹಸಿರು ದೀಪ ಬಂತೆಂದು ಜನರ ಗದ್ದಲದಿಂದ ಗೊತ್ತಾಯಿತು. ಗುಡುಗುಡು. ಆಮೇಲೆ ಆ ಮೌನ. ವಿರ್ಪಿ ಬೇಲಿಯ ಕಂಬಿಯನ್ನು ಹಿಡಿದು ನೀಲಿ ಗೆರೆಯನ್ನೇ ನೋಡಿದಳು. ಗೆರೆ ಖಾಲಿ. ಕಡ್ಡಿಗಳು ಖಾಲಿ.

ಬಟ್ಟೆ ಹರಿದಂಥ ಸದ್ದು ಕೇಳಿಸಿತು. ಅವಳ ಪಾಲಿನ ಹಿಮದ ಮೇಲೆ, ಹಿಮವನ್ನು ಮುಟ್ಟದೆ, ಅವಳ ತಲೆಯಷ್ಟೇ ಎತ್ತರದಲ್ಲಿ ಪಿಹ್ಲಾ ಹಾದುಹೋದಳು. ಚಾಚಿದ ಮೈ, ಅಗಲಿಸಿದ ಸ್ಕೀಗಳು, ಹೆಲ್ಮೆಟ್ಟಿನೊಳಗೆ ಮುಖ. ಬಿಸಿ ಗಂಜಿಯನ್ನು ಊದುವಾಗಿನ ಹಾಗೆ ತುಟಿ ಮುಂದೆ ಮಾಡಿಕೊಂಡಿದ್ದಳು. ಆ ಮುಖದಲ್ಲಿ ಭಯವಿರಲಿಲ್ಲ. ಕೆಳಗೆಲ್ಲೋ ಹಿಮಕ್ಕೆ ತಾಗಿದ ಸದ್ದಾಯಿತು, ಮೆತ್ತಗೆ. ಜನ ಕೂಗಿದರು. ನೂರಾ ಆರು.

"ನಮ್ಮ ಪಾಲಿಗೆ ಇಳೀಲಿಲ್ಲ," ಎಂದಳು ವಿರ್ಪಿ. ಅವಳ ಕೆನ್ನೆ ಒದ್ದೆಯಾಗಿತ್ತು.

"ಒಳ್ಳೆಯವರು ಇಳಿಯಲ್ಲ," ಎಂದ ಟೈಸ್ಟೊ. "ಹಾಗೇ ಹಾರ್ಕೊಂಡು ಹೋಗ್ತಾರೆ. ನಾನೇನು ಬೇಜಾರಾಗಿ ಮೂವತ್ತೊಂದು ವರ್ಷ ನಿಂತಿದ್ನಾ?"

ಬೆಳಿಗ್ಗೆಯಿಂದ ರೈಲಿಗೂ ಜಲ್ಲಿಗೂ ಕೈ ತುಂಬ ಹಂಚಿದ್ದ ಆ ಒಂದು ಮಾತು ಈಗ ಬೇಕಾದಾಗ ಬಾಯಿಗೆ ಬರಲಿಲ್ಲ. ಕೈಗವಸು ತೊಟ್ಟ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೋಗಿ, ಹೋಗಿ. ಕೆಳಗೆ ಹುಡುಕ್ತಿರ್ತಾಳೆ."

ಪಿಹ್ಲಾ ಹುಡುಕುತ್ತಲೇ ಇದ್ದಳು. ಮೊದಲು ಸಾಸೇಜ್ ಅಂಗಡಿಯ ಕಡೆ ನೋಡಿ, ಆಮೇಲೆ ಮೆಟ್ಟಿಲಿಳಿದು ಬರುತ್ತಿದ್ದ ತಾಯಿಯನ್ನು ಕಂಡಳು.

"ನೋಡಿದ್ಯಾ?"

ಸುಳ್ಳು ಹೇಳುವುದು ಸುಲಭವಿತ್ತು. "ತೊಂಬತ್ತೆಂಟರಿಂದ ನೂರಾ ಒಂದರವರೆಗೆ ನೋಡ್ದೆ," ಎಂದಳು ವಿರ್ಪಿ.

"ಮೂರೇ ಮೀಟರಾ?"

"ಮೂರೇ. ಗಂಜಿ ಊದೋ ಹಾಗೆ ತುಟಿ ಮಾಡಿದ್ದೆ."

ಪಿಹ್ಲಾ ತುಟಿ ಮುಟ್ಟಿಕೊಂಡಳು. "ಅದು ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. ಬೇಲಿಯ ಮೇಲಿಂದ ಬಾಗಿ, ತಣ್ಣಗಿದ್ದ ಮೂಗನ್ನು ತಾಯಿಯ ಕೊರಳಿಗೆ ಒತ್ತಿದಳು. ಟೈಸ್ಟೊನ ಕಥೆಯನ್ನೆಲ್ಲ ಕೇಳಿ ನಕ್ಕಳು. "ಎರಡನೇ ಸುತ್ತಿಗೆ ಐದು ಮೀಟರ್ ಮಾಡು. ಮತ್ತೆ ಆ ತಾತನಿಗೆ ಸಾಸೇಜ್ ತಗೊಂಡು ಹೋಗು. ಇವತ್ತು ಆ ಸಾಲಲ್ಲಿ ನಿಲ್ಲೋಕೆ ನಿಂಗೆ ಪರ್ಮಿಷನ್ ಕೊಟ್ಟಿದೀನಿ."

ವಿರ್ಪಿ ಎರಡು ಸಾಸೇಜ್ ಹಿಡಿದು ಮೆಟ್ಟಿಲು ಹತ್ತಿದಳು. ಟೈಸ್ಟೊ ಹಿಮದಿಂದ ಕಣ್ಣು ತೆಗೆಯದೆ ಒಂದನ್ನು ತೆಗೆದುಕೊಂಡು ಕಚ್ಚಿದ.

"ಸಾಸಿವೆ ಜಾಸ್ತಿಯಾಯ್ತು."

"ತುಂಬಾ ಉಪಕಾರವಾಯ್ತು ನಿಮ್ಮಿಂದ," ಎಂದಳು ವಿರ್ಪಿ. ಈಗ ಮಾತು ಬಂದಿತ್ತು.

"ತಿಂತಿರೋನು ನಾನು, ಉಪಕಾರ ನಿಮ್ದು."

ಮೇಲೆ ಎರಡನೆಯ ಸುತ್ತಿನ ಮೊದಲ ಹೆಸರು ಕೂಗಿದರು. ವಿರ್ಪಿ ಅವನ ಪಕ್ಕದಲ್ಲಿ ಗೆರೆಗೆ ಎದುರಾಗಿ ನಿಂತಳು.

"ನಂಗೆ ಇನ್ನೆರಡು ಮೀಟರ್ ಸಿಗುತ್ತಾ?"

"ಯಾವ ಕಡೆ ಬೇಕು?"

"ಮೇಲ್ಗಡೆ, ಗೋಪುರದ ಕಡೆ," ಎಂದಳು ವಿರ್ಪಿ.